ಅಕ್ಷರ ಅರಬ್ಬಿ, ಮಾತು ಮನೆಯದು

ತಮಿಳು, ಮಲಯಾಳಂ, ಕೊಂಕಣಿಗಳನ್ನು ಅರಬ್ಬಿ ಲಿಪಿಯಲ್ಲಿ ಬರೆದುಕೊಂಡು ಬಂದ ಜನ ನಮ್ಮ ನೆರೆಯಲ್ಲೇ ಇದ್ದಾರೆ. ಅವರ ಹಳೆಯ ಪುಸ್ತಕಗಳು ದಕ್ಷಿಣದ ಭಾಷೆಗಳ ಆಸ್ತಿಯೂ ಹೌದು.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಸೋಗಾನೆ ಇವತ್ತು ನಾಡಿಗೆಲ್ಲ ಗೊತ್ತಿರುವುದು ವಿಮಾನ ನಿಲ್ದಾಣದಿಂದ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರಿದೆ. ಅದಕ್ಕೆ ನೂರು ವರ್ಷ ಮೊದಲೇ ಈ ಸೀಮೆ ದೂರದ ಜನರನ್ನು ಬರಮಾಡಿಕೊಂಡಿತ್ತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೂಲಿ, ಕಸುಬು, ನೌಕರಿ ಅರಸಿ ತಮಿಳರು, ತೆಲುಗರು, ಮಲಯಾಳಿಗಳು ಬಂದರು. ಘಟ್ಟದ ಕೆಳಗಿನಿಂದ ಬ್ಯಾರಿಗಳೂ ಕೊಂಕಣಿಗರೂ ವ್ಯಾಪಾರಕ್ಕೆ ಹತ್ತಿ ಬಂದರು. ದಖನಿ ಉರ್ದು, ಲಂಬಾಣಿ ಮೊದಲೇ ಇಲ್ಲಿದ್ದವು.

ಇಷ್ಟು ಭಾಷೆಗಳ ನಡುವೆ ಬಾಳುವ ನಮಗೂ ಒಂದು ಎಣಿಕೆ ಗಟ್ಟಿಯಾಗಿದೆ: ಪ್ರತಿ ಭಾಷೆಗೂ ಅದರದೇ ಲಿಪಿ, ಪ್ರತಿ ಲಿಪಿಗೂ ಅದರದೇ ಧರ್ಮ. ಅರಬ್ಬಿ ಅಕ್ಷರ ಕಂಡರೆ ಅದು ಕುರ್‌ಆನ್ ಇರಬೇಕು, ಇಲ್ಲವೇ ಉರ್ದು ಇರಬೇಕು ಎಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ತಮಿಳುನಾಡಿನ ಕರಾವಳಿಯಲ್ಲೂ ಶ್ರೀಲಂಕಾದಲ್ಲೂ ಮುಸ್ಲಿಮರು ತಲೆಮಾರುಗಳ ಕಾಲ ತಮಿಳನ್ನೇ ಅರಬ್ಬಿ ಅಕ್ಷರದಲ್ಲಿ ಬರೆದರು. ಅದಕ್ಕೆ ಅರಬುತ್ತಮಿಳು ಅಥವಾ ಅರ್ವಿ ಎಂದು ಹೆಸರು. ಮಲಬಾರಿನಲ್ಲಿ ಇದೇ ರೀತಿ ಅರಬಿ ಮಲಯಾಳಂ ಬೆಳೆಯಿತು. ನಮ್ಮ ಭಟ್ಕಳದಲ್ಲಿ ನವಾಯತಿ ಎಂಬ ಕೊಂಕಣಿ ಬಗೆ ಅರಬ್ಬಿ-ಪಾರಸಿ ಅಕ್ಷರದಲ್ಲಿ ಉಳಿಯಿತು. ಇವು ಮೂರೂ ಹೊರನಾಡಿನಿಂದ ಬಂದ ಭಾಷೆಗಳಲ್ಲ. ಇಲ್ಲಿನ ತಾಯಂದಿರು ಮಕ್ಕಳನ್ನು ತೂಗುವಾಗ ಆಡುವ ಮಾತುಗಳು.

ಕಾಯಲ್‌ಪಟ್ಟಿಣದಿಂದ ಗರ್ಗೇಶ್ವರಿವರೆಗೆ

ಅರ್ವಿಯ ತವರು ತಮಿಳುನಾಡಿನ ಬಂದರುಗಳು: ಕಾಯಲ್‌ಪಟ್ಟಿಣ, ಕೀಳಕ್ಕರೈ, ನಾಗೂರು. ಅರಬ್ಬಿ ವರ್ತಕರ ಜೊತೆ ಕಡಲ ವ್ಯಾಪಾರ ಮಾಡಿ, ಅವರೊಡನೆ ನಂಟು ಬೆಳೆಸಿದ ಮರಕ್ಕಾಯರು, ಲಬ್ಬೆಗಳು ಎಂಬ ತಮಿಳು ಮುಸ್ಲಿಮರು ಇಲ್ಲಿ ನೆಲೆಸಿದ್ದರು. ಮನೆಯಲ್ಲಿ, ಅಂಗಡಿಯಲ್ಲಿ, ದೋಣಿಯಲ್ಲಿ ಅವರ ಮಾತು ತಮಿಳೇ. ನಮಾಜಿಗೆ ತೊೞುಗೈ, ಉಪವಾಸಕ್ಕೆ ನೋನ್ಬು, ಮಸೀದಿಗೆ ಪಳ್ಳಿವಾಸಲ್ ಎಂದು ಇಂದಿಗೂ ತಮಿಳು ಮಾತುಗಳನ್ನೇ ಬಳಸುತ್ತಾರೆ.

ಇದೇ ಸಮುದಾಯದ ನಡುವಿನಿಂದ 17ನೇ ಶತಮಾನದಲ್ಲಿ ಉಮರು ಪುಲವರ್ ಬಂದರು. ಪ್ರವಾದಿಯವರ ಜೀವನವನ್ನು ಅವರು ‘ಸೀರಾಪ್ಪುರಾಣಂ’ ಎಂಬ ಕಾವ್ಯವಾಗಿ ತಮಿಳಿನ ಮಹಾಕಾವ್ಯ ಮಾರ್ಗದಲ್ಲೇ ಹಾಡಿದರು. ಮತ್ತೊಂದೆಡೆ ಅರಬ್ಬಿ ಅಕ್ಷರದ ತಮಿಳಿನಲ್ಲಿ ಧರ್ಮಶಾಸ್ತ್ರ, ಸೂಫಿ ಪದ, ನೀತಿ, ಪ್ರಾರ್ಥನೆಯ ಪುಸ್ತಕಗಳು ಬರೆಯಲ್ಪಟ್ಟವು. ತಮಿಳಕ್ಷರ ಬಲ್ಲವರು ಅದರಲ್ಲಿ ಬರೆದರು, ಅರಬ್ಬಿ ಅಕ್ಷರ ಮಾತ್ರ ಬಲ್ಲವರಿಗಾಗಿ ಅದರಲ್ಲೂ ಬರೆದರು.

ಅರ್ವಿ ಬರಹಗಾರರಲ್ಲಿ ದೊಡ್ಡ ಹೆಸರು ಸಯ್ಯಿದ್ ಮುಹಮ್ಮದ್ ಆಲಿಮ್ ಅವರದು. ಜನ ಅವರನ್ನು ಇಮಾಮುಲ್ ಅರೂಸ್ ಎಂದೂ ಮಾಪ್ಪಿಳ್ಳೈ ಲಬ್ಬೈ ಆಲಿಮ್ ಎಂದೂ ಕರೆದರು. 1816ರಲ್ಲಿ ಹುಟ್ಟಿ 1898ರಲ್ಲಿ ತೀರಿಕೊಂಡ ಅವರ ಕೆಲಸದ ಊರು ಕೀಳಕ್ಕರೈ. ಶ್ರೀಲಂಕಾದಲ್ಲೂ ಅವರಿಗೆ ದೊಡ್ಡ ಶಿಷ್ಯವರ್ಗವಿತ್ತು. ಅರ್ವಿಯಲ್ಲಿ ಅವರು ಬರೆದ ‘ಫತ್‌ಹುದ್ದಯ್ಯಾನ್’ ಎಂಬ ಧರ್ಮಾಚರಣೆಯ ಗ್ರಂಥ ಮುಂದೆ ಕೊಲಂಬೊದಲ್ಲಿ ಇಂಗ್ಲಿಷಿಗೂ ಅನುವಾದವಾಯಿತು.

ಈ ತಮಿಳು ಮುಸ್ಲಿಮರು ಕರಾವಳಿಯಲ್ಲೇ ಉಳಿಯಲಿಲ್ಲ. ಬಿ.ಎಲ್. ರೈಸ್ ಪರಿಷ್ಕರಿಸಿ 1897ರಲ್ಲಿ ಹೊರತಂದ ಮೈಸೂರು ಗೆಜೆಟಿಯರ್ ಲಬ್ಬೆಗಳ ವಿಷಯವನ್ನು ಬಿಡಿಸಿ ಹೇಳುತ್ತದೆ. ಅವರ ಮೂಲ ನೆಲೆ ನಾಗಪಟ್ಟಿಣದ ಕಡೆ, ಮಾತು ತಮಿಳು. ಮೈಸೂರು ಸಂಸ್ಥಾನದ ದೊಡ್ಡ ಪೇಟೆಗಳಲ್ಲೆಲ್ಲ ನೆಲೆಸಿ ಕಬ್ಬಿಣದ ಸಾಮಾನು, ತೊಗಲು, ಕಾಫಿಯ ವ್ಯಾಪಾರ ಮಾಡುತ್ತಿದ್ದರು. ತಿರುಮಕೂಡಲು ನರಸೀಪುರದ ಬಳಿಯ ಗರ್ಗೇಶ್ವರಿಯಲ್ಲಿ ಅವರು ಬೇಸಾಯಗಾರರಾಗಿಯೇ ನೆಲೆಯೂರಿದ್ದರು. ಕಾವೇರಿ ಬಯಲಿನಲ್ಲಿ ನೇಗಿಲು ಹಿಡಿದ, ಮಲೆನಾಡಿನ ಕಾಫಿಯನ್ನು ಪೇಟೆಗೆ ಮುಟ್ಟಿಸಿದ ಈ ಜನ ಕನ್ನಡ ನಾಡಿನ ಕಥೆಯ ಒಂದು ಭಾಗ.

ಅಕ್ಷರ ಸಾಲದಾದಾಗ

ತಮಿಳಿಗೆ ಚಂದದ ಲಿಪಿ ಇರುವಾಗ ಅರಬ್ಬಿ ಅಕ್ಷರ ಯಾಕೆ ಬೇಕಾಯಿತು? ಮೊದಲ ಕಾರಣ ಉಚ್ಚಾರ. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದ ಎರಡಕ್ಕೂ ಒಂದೇ, ಪ-ಬ ಎರಡಕ್ಕೂ ಒಂದೇ. ಗಂಟಲ ಆಳದಿಂದ ಬರುವ ಅರಬ್ಬಿ ವ್ಯಂಜನಗಳಿಗೆ ಅಲ್ಲಿ ಜಾಗವೇ ಇಲ್ಲ. ಪ್ರಾರ್ಥನೆಯ ಮಾತು ಒಂದಕ್ಷರ ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ ಎಂಬ ಎಚ್ಚರ ಇರುವವರಿಗೆ ಇದು ಸಣ್ಣ ತೊಡಕಲ್ಲ. ಅರಬ್ಬಿ ಲಿಪಿಯಲ್ಲೇ ಬರೆದರೆ ಧರ್ಮದ ಮಾತು ಮೂಲದಂತೆ ಉಳಿಯುತ್ತದೆ, ವಿವರಣೆ ಮನೆಮಾತಿನಲ್ಲಿ ಬರುತ್ತದೆ.

ಎರಡನೆಯ ಕಾರಣ ಕಲಿಕೆ. ಮಗು ಕುರ್‌ಆನ್ ಓದಲು ಹೇಗೂ ಅರಬ್ಬಿ ಅಕ್ಷರ ಕಲಿಯುತ್ತಿತ್ತು. ಕಲಿತ ಆ ಅಕ್ಷರದಲ್ಲೇ ತನ್ನ ಮಾತನ್ನೂ ಓದಿಕೊಳ್ಳುವಂತಾದರೆ ಮತ್ತೊಂದು ಲಿಪಿಗಾಗಿ ಮತ್ತೊಬ್ಬ ಗುರುವನ್ನು ಹುಡುಕಬೇಕಿರಲಿಲ್ಲ.

ಆದರೆ ಅರಬ್ಬಿ ಲಿಪಿಯೂ ಇದ್ದ ಹಾಗೆ ಸಾಲುತ್ತಿರಲಿಲ್ಲ. ಅದರಲ್ಲಿ ಪ, ಚ, ಟ, ಣ, ಳ ಇಲ್ಲ. ಎ, ಒ ಸ್ವರಗಳಿಗೆ ಗುರುತಿಲ್ಲ. ಹಾಗಾಗಿ 28 ಅರಬ್ಬಿ ಅಕ್ಷರಗಳಿಗೆ ಹತ್ತಕ್ಕೂ ಹೆಚ್ಚು ಹೊಸ ಅಕ್ಷರ ಕಟ್ಟಿಕೊಂಡರು. ‘ಫಾ’ದ ಕೆಳಗೆ ಚುಕ್ಕೆ ಇಟ್ಟು ಪ ಮಾಡಿದರು, ‘ನೂನ್’ ಅಕ್ಷರದ ಕೆಳಗೆ ಚುಕ್ಕೆ ಇಟ್ಟು ಣ ಮಾಡಿದರು. ಎ, ಒ ಸ್ವರಗಳಿಗೆ ಹೊಸ ಗುರುತು ತಂದರು. ಉರ್ದು ಬರಹದಲ್ಲಿ ಹ್ರಸ್ವ ಸ್ವರದ ಗುರುತುಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಓದುವವರು ಊಹಿಸಿಕೊಳ್ಳಬೇಕು. ಅರ್ವಿಯಲ್ಲಿ ಪ್ರತಿ ಅಕ್ಷರಕ್ಕೂ ಸ್ವರ ಕೊಟ್ಟು ಬರೆದರು. ಆದ್ದರಿಂದ ಅದು ಕನ್ನಡದಂತೆಯೇ ಬರೆದ ಹಾಗೆ ಓದುವ ಬರಹವಾಯಿತು.

ಕನ್ನಡದ ಓದುಗರು ಇಲ್ಲಿ ನಿಂತು ನೋಡಬೇಕಾದ ಅಕ್ಷರ ಒಂದಿದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಅದರ ಉಚ್ಚಾರ ಬಾಯಿಂದ ಜಾರಿತು, ಬರಹದಿಂದಲೂ ಮರೆಯಾಯಿತು. ತಮಿಳರು, ಮಲಯಾಳಿಗಳು ಉಳಿಸಿಕೊಂಡರು. ಅದನ್ನು ಬರೆಯಲು ಅರ್ವಿಯವರು ಆರಿಸಿದ್ದು ‘ದ್ವಾದ್’ ಎಂಬ ಅರಬ್ಬಿ ಅಕ್ಷರವನ್ನು. ಅದರ ಕೆಳಗೆ ಚುಕ್ಕೆ ಇಟ್ಟು ೞ ಮಾಡಿಕೊಂಡರು. ಈ ಆಯ್ಕೆ ಬರಿಯ ಅಂದಾಜಿನದಲ್ಲ. ದ್ವಾದ್ ಅನ್ನು ನಾಲಗೆಯ ಬದಿಯಿಂದ ನುಡಿಯಬೇಕೆಂದು ಹಳೆಯ ಅರಬ್ಬಿ ವೈಯಾಕರಣರು ವರ್ಣಿಸಿದ್ದರು. ದಕ್ಷಿಣದ ಕರಾವಳಿಯ ಮುಸ್ಲಿಮರು ಅದನ್ನು ಲ, ಳ ಕಾರದ ಹತ್ತಿರ ನುಡಿದರು. ಉತ್ತರದಿಂದ ಪಾರಸಿ ಹಾದಿಯಾಗಿ ಬಂದವರಲ್ಲಿ ಅದೇ ಅಕ್ಷರ ಜ಼ ಆಯಿತು. ಶಿವಮೊಗ್ಗದ ಉರ್ದು ಮನೆಗಳಲ್ಲಿ ರಂಜಾನ್ ಎನ್ನುವ ತಿಂಗಳನ್ನು ಮಂಗಳೂರಿನ ಬ್ಯಾರಿ ಮನೆಗಳಲ್ಲಿ ರಮಳಾನ್ ಎನ್ನುವುದು ಇದೇ ಕಾರಣಕ್ಕೆ. ಒಂದು ಉಚ್ಚಾರ ದಿಲ್ಲಿ, ಬಿಜಾಪುರದ ಮೂಲಕ ನೆಲದ ಮೇಲೆ ಬಂತು. ಇನ್ನೊಂದು ಕಡಲ ಮೇಲೆ ನೇರವಾಗಿ ಬಂತು. ಮಲೆನಾಡಿನ ಪೇಟೆಗಳಲ್ಲಿ ಎರಡೂ ಕೂಡಿದವು.

ಲಿಪಿಯನ್ನು ಹೀಗೆ ಹೊಲಿಸಿಕೊಂಡವರು ಇವರೊಬ್ಬರೇ ಅಲ್ಲ. ಸ್ಪೇನಿನ ಮುಸ್ಲಿಮರು ಸ್ಪ್ಯಾನಿಷ್ ಮಾತನ್ನು ಅರಬ್ಬಿ ಅಕ್ಷರದಲ್ಲಿ ಬರೆದರು. ಮಲಯ್ ಭಾಷೆಗೆ ಜಾವಿ ಎಂಬ ಅರಬ್ಬಿ ಬರಹವಿದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮುಸ್ಲಿಮರಿಗಾಗಿ ಅಬೂಬಕರ್ ಎಫೆಂದಿ ಆಫ್ರಿಕಾನ್ಸ್ ಭಾಷೆಯನ್ನು ಅರಬ್ಬಿ ಅಕ್ಷರದಲ್ಲಿ ಬರೆದ ಗ್ರಂಥ 1877ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಆ ಭಾಷೆಯ ಆರಂಭದ ಪುಸ್ತಕಗಳಲ್ಲಿ ಅದೂ ಒಂದು. ಕೇರಳದ ಸಿರಿಯನ್ ಕ್ರೈಸ್ತರು ಮಲಯಾಳಂ ಮಾತನ್ನು ಸುರಿಯಾನಿ ಅಕ್ಷರದಲ್ಲಿ ಬರೆದರು. ನಮ್ಮ ಕೊಂಕಣಿಯಂತೂ ನಾಗರಿ, ಕನ್ನಡ, ರೋಮನ್, ಮಲಯಾಳಂ, ಅರಬ್ಬಿ ಎಂದು ಐದು ಲಿಪಿಗಳಲ್ಲಿ ಬಾಳಿದೆ. ತುಳುವನ್ನು, ಕೊಡವವನ್ನು, ಲಂಬಾಣಿಯನ್ನು ನಾವು ಕನ್ನಡ ಅಕ್ಷರದಲ್ಲಿ ಬರೆಯುತ್ತೇವೆ. ಅದರಿಂದ ಅವು ಕನ್ನಡವಾಗಿಬಿಟ್ಟಿಲ್ಲ. ಅರಬ್ಬಿ ಅಕ್ಷರದಲ್ಲಿ ಬರೆದ ತಮಿಳೂ ಹಾಗೆಯೇ ತಮಿಳಾಗಿಯೇ ಉಳಿಯಿತು.

ಹೆಂಗಸರ ಕೈಗೆ ಬಂದ ಓದು

ಈ ಬರಹದಿಂದ ಹೆಚ್ಚು ಪಡೆದವರು ಹೆಂಗಸರು. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತದ ಕಾಲದಲ್ಲೂ ಕುರ್‌ಆನ್ ಓದಲು ಕಲಿಯುವುದು ಮನೆಯ ಮರ್ಯಾದೆಯ ವಿಷಯವಾಗಿತ್ತು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆನೆಂದು ಬರೆದಿದ್ದಾನೆ. ಹೀಗೆ ಕಲಿತ ಅಕ್ಷರವೇ ಮನೆಮಾತಿನ ಓದಿಗೂ ಬಾಗಿಲು ತೆರೆಯಿತು.

ಮಲಬಾರಿನ ಅರಬಿ ಮಲಯಾಳಂ ಇದನ್ನು ಎತ್ತಿ ತೋರಿಸುತ್ತದೆ. ಅದರಲ್ಲಿ ಕಾಲ ಗೊತ್ತಿರುವ ಅತ್ಯಂತ ಹಳೆಯ ಕೃತಿ 1607ರ ‘ಮುಹ್ಯಿದ್ದೀನ್ ಮಾಲ’. ಬಾಗ್ದಾದಿನ ಸಂತ ಅಬ್ದುಲ್ ಖಾದಿರ್ ಜೀಲಾನಿ ಅವರನ್ನು ಕುರಿತು ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ಬರೆದ ಹಾಡು ಅದು. ಮುಂದೆ ಇಂಥ ಮಾಲೆಗಳು ಬಹಳ ಬಂದವು. ಸಂಜೆಯ ದೀಪ ಹಚ್ಚಿದ ಮೇಲೆ ಮನೆಮಂದಿ ಕೂತು ಮಾಲೆ ಓದುವುದು ವಾಡಿಕೆಯಾಯಿತು. ಹೆರಿಗೆ ಸುಸೂತ್ರವಾಗಲಿ ಎಂದು ‘ನಫೀಸತ್ ಮಾಲ’ ಹಾಡುತ್ತಿದ್ದರು. ಬರಿಯ ಭಕ್ತಿಯ ಹಾಡಿಗೇ ಇದು ನಿಲ್ಲಲಿಲ್ಲ. ಮೊಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ, ಇಪ್ಪತ್ತರ ಹರೆಯದಲ್ಲಿ, ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಎಂಬ ಪ್ರೇಮಕಾವ್ಯವನ್ನು ಇದೇ ಬರಹದಲ್ಲಿ ಕಟ್ಟಿದರು. ಮಾಪ್ಪಿಳಪ್ಪಾಟ್ಟು ಎಂಬ ಮಲಬಾರಿನ ಮುಸ್ಲಿಮರ ಇಂದಿನ ಹಾಡುಗಳ ಬೇರು ಅಲ್ಲಿದೆ.

ಆ ಮನೆಗಳ ಅಜ್ಜಿಯರನ್ನು ನಾವು ಸುಲಭವಾಗಿ ಅನಕ್ಷರಸ್ಥರ ಲೆಕ್ಕಕ್ಕೆ ಸೇರಿಸುತ್ತೇವೆ. ಮಲಯಾಳಂ, ತಮಿಳು ಇಲ್ಲವೇ ಕನ್ನಡ ಅಕ್ಷರ ಓದಲು ಅವರಿಗೆ ಬರುತ್ತಿರಲಿಲ್ಲ, ನಿಜ. ಆದರೆ ನೂರಾರು ಸಾಲಿನ ಹಾಡನ್ನು ಪುಸ್ತಕ ನೋಡಿ ಓದುವ, ಮೊಮ್ಮಕ್ಕಳಿಗೆ ಓದಿಸುವ ಹೆಣ್ಣನ್ನು ಅನಕ್ಷರಸ್ಥೆ ಎನ್ನುವುದು ಅನ್ಯಾಯ. ಲಿಪಿಯ ಲೆಕ್ಕದಲ್ಲಿ ಒಂದು ಸಮುದಾಯದ ಓದನ್ನೇ ಕಾಣದೆ ಹೋಗುವುದು ಹೀಗೆ.

ಘಟ್ಟದ ಕೆಳಗಿನ ಕನ್ನಡಿಗರು

ನಮ್ಮ ಕಡೆ ಈ ಪರಂಪರೆ ಹೆಚ್ಚು ಜೀವಂತವಾಗಿರುವುದು ದಕ್ಷಿಣ ಕನ್ನಡ, ಉಡುಪಿ ಮತ್ತು ಗಡಿಯಾಚೆಯ ಕಾಸರಗೋಡಿನಲ್ಲಿ. ಬ್ಯಾರಿಗಳ ಮನೆಮಾತು ಬ್ಯಾರಿ. ಮಲಯಾಳಂ ಮತ್ತು ತುಳುವಿನ ನಂಟು ಇರುವ ದ್ರಾವಿಡ ನುಡಿ. ಬ್ಯಾರಿ ಹುಡುಗನೊಬ್ಬನ ದಿನವನ್ನು ನೆನೆಯಿರಿ. ಬೆಳಿಗ್ಗೆ ಮದ್ರಸದಲ್ಲಿ ಅರಬ್ಬಿ ಕುರ್‌ಆನ್, ಅದರ ಜೊತೆ ಅರಬಿ ಮಲಯಾಳಂ ಪಠ್ಯ. ಆಮೇಲೆ ಕನ್ನಡ ಶಾಲೆ. ಬೀದಿಯಲ್ಲಿ ತುಳು. ಮನೆಯಲ್ಲಿ ಬ್ಯಾರಿ. ಕೇರಳದಲ್ಲಿ ಸಮಸ್ತ ಎಂಬ ಧರ್ಮವಿದ್ವಾಂಸರ ಸಂಘಟನೆಯ ಮದ್ರಸ ಶಿಕ್ಷಣ ಮಂಡಳಿ ಹುಟ್ಟಿದ್ದು 1951ರಲ್ಲಿ. ಅದರ ಅರಬಿ ಮಲಯಾಳಂ ಪಠ್ಯಗಳು ನಮ್ಮ ಕರಾವಳಿಯ ಎಷ್ಟೋ ಮಕ್ಕಳ ಚೀಲದಲ್ಲಿ ಕನ್ನಡ ಪುಸ್ತಕದ ಪಕ್ಕದಲ್ಲೇ ಇದ್ದವು. ಇಷ್ಟು ಭಾಷೆಗಳನ್ನು ಹೊತ್ತು ಬೆಳೆದವರೇ ಮುಂದೆ ಘಟ್ಟ ಹತ್ತಿ ಮಲೆನಾಡಿನ ಪೇಟೆಗಳಲ್ಲಿ ಅಂಗಡಿ ಇಟ್ಟರು.

ಭಟ್ಕಳದ ನವಾಯತರದು ಇನ್ನೊಂದು ಬಗೆ. ಅವರ ನವಾಯತಿ ಕೊಂಕಣಿಯ ಬಳಗದ್ದು, ಅರಬ್ಬಿ ಮತ್ತು ಪಾರಸಿ ಶಬ್ದಗಳು ಅದರಲ್ಲಿ ಹೇರಳ. ಉರ್ದುವಿನ ನಸ್ತಾಲಿಕ್ ಬರಹವನ್ನು ಅವರು ಬಳಸುತ್ತಾರೆ. 1976ರಿಂದ ‘ನಕ್ಷೆ ನವಾಯತ್’ ಎಂಬ ಪತ್ರಿಕೆ ಆ ಭಾಷೆಯಲ್ಲಿ ಬಂದಿದೆ. ಸಣ್ಣ ಸಮುದಾಯವೊಂದು ತನ್ನ ಮಾತಿನಲ್ಲಿ ಪತ್ರಿಕೆ ನಡೆಸುವುದು ದೊಡ್ಡ ಸಂಗತಿ. ಕರ್ನಾಟಕದ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಅದಕ್ಕೊಂದು ಪುಟ ಸಲ್ಲಬೇಕು.

ಕನ್ನಡಕ್ಕೆ ಇಂಥ ದೊಡ್ಡ ಪರಂಪರೆ ಬೆಳೆಯಲಿಲ್ಲ. ಒಳನಾಡಿನ ಮುಸ್ಲಿಮರ ಮನೆಮಾತು ಹೆಚ್ಚಾಗಿ ದಖನಿ. ಅದಕ್ಕೆ ಅರಬ್ಬಿ-ಪಾರಸಿ ಲಿಪಿ ಮೊದಲೇ ಇತ್ತು. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬೆ ನೌರಸ್’ ರಚಿಸಿದ್ದು ದಖನಿಯಲ್ಲಿ. ಕನ್ನಡದಲ್ಲಿ ಹಾಡಿದ ಶಿಶುನಾಳ ಶರೀಫರು ಕನ್ನಡ ಶಾಲೆಯ ಮಾಸ್ತರರಾಗಿದ್ದವರು, ಕನ್ನಡ ಅಕ್ಷರದವರು.

ಹಿಂದೆ ಸರಿದ ಬರಹ

ಅರ್ವಿ, ಅರಬಿ ಮಲಯಾಳಂ ಎರಡಕ್ಕೂ ಏರುಗಾಲ ತಂದದ್ದು ಕಲ್ಲಚ್ಚು. ಅಚ್ಚಿನ ಮೊಳೆ ಎರೆಯದೆ, ಕೈಬರಹವನ್ನೇ ಕಲ್ಲಿನ ಮೇಲೆ ಇಳಿಸಿ ಪ್ರತಿ ತೆಗೆಯುವ ವಿಧಾನ ಅದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲೇ. ಚುಕ್ಕೆ, ಗುರುತುಗಳು ತುಂಬಿದ ಅರ್ವಿಗೆ ಇದು ಹೇಳಿ ಮಾಡಿಸಿದ ವಿಧಾನವಾಗಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ತಲಶ್ಶೇರಿಯಂಥ ಊರುಗಳಿಂದ ಅರಬಿ ಮಲಯಾಳಂ ಪುಸ್ತಕಗಳು ಮನೆಮನೆಗೆ ಹೋದವು.

ಆಮೇಲೆ ಕಾಲ ಬದಲಾಯಿತು. ಸರ್ಕಾರಿ ಶಾಲೆ, ನೌಕರಿ, ಪತ್ರಿಕೆ, ಚುನಾವಣೆ ಎಲ್ಲವೂ ನಾಡಿನ ಲಿಪಿಯಲ್ಲಿ ನಡೆದವು. ಸಮುದಾಯದ ಒಳಗಿನ ಸುಧಾರಕರೇ ನಾಡಿನ ಲಿಪಿ ಕಲಿಯಿರಿ ಎಂದು ಒತ್ತಾಯಿಸಿದರು. ಮಲಬಾರಿನ ಮಕ್ತಿ ತಙ್ಙಳ್ ಅವರಲ್ಲೊಬ್ಬರು. ವಕ್ಕಂ ಅಬ್ದುಲ್ ಖಾದರ್ ಮೌಲವಿ 1918ರಲ್ಲಿ ‘ಅಲ್ ಇಸ್ಲಾಂ’ ಪತ್ರಿಕೆಯನ್ನು ಅರಬಿ ಮಲಯಾಳಂನಲ್ಲೇ ತಂದು, ಸುಧಾರಣೆಯ ಮಾತನ್ನು ಆ ಓದುಗರಿಗೆ ಮುಟ್ಟಿಸಿದರು. ಕರಾವಳಿ ಕರ್ನಾಟಕದಲ್ಲಿ ಕನ್ನಡ ಆ ಜಾಗಕ್ಕೆ ಬಂತು. 1978ರಲ್ಲಿ ಮಂಗಳೂರಿನಿಂದ ‘ಸನ್ಮಾರ್ಗ’ ಎಂಬ ಮುಸ್ಲಿಮರ ಕನ್ನಡ ವಾರಪತ್ರಿಕೆ ಆರಂಭವಾಯಿತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಕಲಿತು ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ದಖನಿ ಮನೆಮಾತಿನ ಬಾನು ಮುಷ್ತಾಕ್ ಎಂಟನೆಯ ವಯಸ್ಸಿಗೆ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆ ಸೇರಿದಾಗ ಆರು ತಿಂಗಳಲ್ಲಿ ಕನ್ನಡ ಓದು-ಬರಹ ಕಲಿಯಬೇಕೆಂಬ ಷರತ್ತಿತ್ತು. ಅದೇ ಕನ್ನಡದಲ್ಲಿ ಬರೆದ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಬ್ಯಾರಿಗೆ 2007ರಲ್ಲಿ ರಾಜ್ಯ ಸರ್ಕಾರದ ಸಾಹಿತ್ಯ ಅಕಾಡೆಮಿ ದೊರಕಿತು.

ನಾಡಿನ ಲಿಪಿಗೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಹೊಸ ಲಿಪಿ ಬಂದಾಗ ಹಳೆಯ ಲಿಪಿಯ ಪುಸ್ತಕಗಳನ್ನು ಓದುವವರು ಉಳಿಯಬೇಕಿತ್ತು. ಅಲ್ಲಿ ನಾವು ಸೋಲುತ್ತಿದ್ದೇವೆ. ತಮಿಳು ವಿದ್ವಾಂಸರಿಗೆ ಅರಬ್ಬಿ ಅಕ್ಷರ ಬಾರದು. ಅರಬ್ಬಿ ವಿದ್ವಾಂಸರಿಗೆ ಹಳೆಯ ತಮಿಳು ಬಾರದು. ಅರಬ್ಬಿ ಅಕ್ಷರವಿರುವ ಹರಿದ ಹಾಳೆಗಳನ್ನು ಕಾಲಿಗೆ ಸಿಗದಂತೆ ಗೌರವದಿಂದ ಮಣ್ಣಿಗೋ ನೀರಿಗೋ ಒಪ್ಪಿಸುವ ರೂಢಿಯಿದೆ. ಮನೆಯ ಕಿರಿಯರಿಗೆ ಅದು ಅಜ್ಜಿಯ ಹಾಡಿನ ಪುಸ್ತಕವೆಂದು ತಿಳಿಯದಿದ್ದರೆ ಅದೂ ಹಾಗೆಯೇ ಹೋಗುತ್ತದೆ. ಸರ್ಕಾರದ ಏರ್ಪಾಡೂ ಇದಕ್ಕೆ ಸಾಲದು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಕನಿಷ್ಠ 75 ವರ್ಷ ಹಳೆಯ ಕೈಬರಹವನ್ನು ಮಾತ್ರ ಹಸ್ತಪ್ರತಿ ಎಂದು ಎಣಿಸಿತು. ಕಲ್ಲಚ್ಚಿನ ಪುಸ್ತಕ ಆ ಲೆಕ್ಕದಿಂದ ಹೊರಗೆ. ಅರ್ವಿಯ, ಅರಬಿ ಮಲಯಾಳಂನ ದೊಡ್ಡ ಪಾಲು ಕಲ್ಲಚ್ಚಿನಲ್ಲೇ ಇದೆ.

ಕೆಳದಿ ತೋರಿದ ದಾರಿ

ಮರೆಯಾಗುತ್ತಿರುವ ಲಿಪಿಯನ್ನು ಉಳಿಸುವ ಕೆಲಸವನ್ನು ಶಿವಮೊಗ್ಗ ಜಿಲ್ಲೆ ಮಾಡಿ ತೋರಿಸಿದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ತಿಗಳಾರಿ ಲಿಪಿಯ ಓಲೆಗರಿಗಳು ಓದುವವರಿಲ್ಲದೆ ಬಿದ್ದಿದ್ದವು. ಸಾಗರದ ಬಳಿಯ ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿದ ವಸ್ತುಸಂಗ್ರಹಾಲಯ ಅಂಥವನ್ನು ಕೂಡಿಹಾಕಿತು. ಕೆಳದಿ ವೆಂಕಟೇಶ ಜೋಯಿಸರು ಆ ಲಿಪಿಯನ್ನು ಹೊಸಬರಿಗೆ ಕಲಿಸಿದರು. 2024ರಲ್ಲಿ ತುಳು-ತಿಗಳಾರಿ ಯೂನಿಕೋಡ್‌ಗೂ ಸೇರಿತು. ಒಂದು ಲಿಪಿಯನ್ನು ಉಳಿಸಲು ಬೇಕಾದದ್ದು ಇಷ್ಟೇ: ಕೂಡಿಹಾಕುವವರು, ಓದುವವರು, ಕಲಿಸುವವರು.

ಸೋಗಾನೆಯಿಂದ ದೂರವಿಲ್ಲದ ಶಂಕರಘಟ್ಟದಲ್ಲಿ, ಭದ್ರಾವತಿ ತಾಲ್ಲೂಕಿನಲ್ಲೇ, ಕುವೆಂಪು ವಿಶ್ವವಿದ್ಯಾಲಯವಿದೆ. ಕನ್ನಡ, ಉರ್ದು, ಇತಿಹಾಸ ಓದುವ ವಿದ್ಯಾರ್ಥಿಗಳು ಅಲ್ಲಿದ್ದಾರೆ. ತಮಿಳು, ಮಲಯಾಳಂ, ಬ್ಯಾರಿ ಆಡುವ ಮನೆಗಳು ಸುತ್ತಲಿನ ಪೇಟೆಗಳಲ್ಲಿವೆ. ಬ್ಯಾರಿ ಅಕಾಡೆಮಿಯೂ ಕೊಂಕಣಿ ಅಕಾಡೆಮಿಯೂ ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿದರೆ ಅರಬ್ಬಿ ಲಿಪಿಯಲ್ಲಿರುವ ದಕ್ಷಿಣದ ಭಾಷೆಗಳ ಪುಸ್ತಕಗಳ ಪಟ್ಟಿಯೊಂದನ್ನು ಕರ್ನಾಟಕವೇ ಮಾಡಬಹುದು. ಕೇರಳ ತನ್ನ ಕೊಂಡೋಟ್ಟಿಯಲ್ಲಿ ಮೊಯಿನ್‌ಕುಟ್ಟಿ ವೈದ್ಯರ ಹೆಸರಿನಲ್ಲಿ ಮಾಪ್ಪಿಳ ಕಲಾ ಅಕಾಡೆಮಿ ನಡೆಸುತ್ತಿದೆ. ನಮಗೂ ಒಂದು ಮೂಲೆ ಸಾಕು, ಆದರೆ ಅದು ಬೇಗ ಆಗಬೇಕು.

ಓದುಗರು ಇವತ್ತೇ ಮಾಡಬಹುದಾದ ಕೆಲಸವೂ ಇದೆ. ನಿಮ್ಮ ಮನೆಯ ಅಥವಾ ನೆರೆಮನೆಯ ಅಟ್ಟದಲ್ಲಿ ಅರಬ್ಬಿ ಅಕ್ಷರದ ಹಳೆಯ ಪುಸ್ತಕವಿದ್ದರೆ, ಬಲ್ಲ ಹಿರಿಯರಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ ಕೇಳಿ. ತಮಿಳೋ ಮಲಯಾಳಂ ಮಾತೋ ಕೊಂಕಣಿಯೋ ಕಿವಿಗೆ ಬಿದ್ದರೆ ಆ ಪುಸ್ತಕವನ್ನು ಎಲ್ಲಿಗೂ ಒಪ್ಪಿಸಬೇಡಿ. ಅಂಟುಪಟ್ಟಿ ಹಚ್ಚಬೇಡಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಬೇಡಿ. ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಓದುವ ಹಿರಿಯರ ದನಿಯನ್ನು ರೆಕಾರ್ಡ್ ಮಾಡಿಕೊಳ್ಳಿ. ಪುಸ್ತಕ ಯಾವ ಊರಿನಿಂದ, ಯಾರ ಕಾಲದಲ್ಲಿ ಬಂತೆಂದು ಕೇಳಿ ಬರೆದಿಡಿ. ಹತ್ತಿರದ ಕಾಲೇಜಿನ ಭಾಷಾ ವಿಭಾಗಕ್ಕೆ ಅದನ್ನು ತೋರಿಸಿ. ಓದಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಈ ಕೆಲಸ ಮಾಡೋಣ.